ನಿಹಾರಿಕೆಗೆ ನೀರು ಚಿಮುಕಿಸಿದ ದಿನ

ದೊಡ್ಡ ನಕ್ಷತ್ರಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ತಾವು ಹುಟ್ಟಿದ ನಿಹಾರಿಕೆಯನ್ನೇ, ಅಂದರೆ ಅನಿಲ ಮತ್ತು ಧೂಳಿನ ಆ ಮೋಡವನ್ನೇ, ಸುಡುವ ಬೆಳಕಿನಿಂದ ಕಾಯಿಸಿ, ಬಿರುಗಾಳಿ ಬೀಸಿ ದೂರ ತಳ್ಳಿ, ನಡುವೆ ದೊಡ್ಡ ಪೊಳ್ಳು ಮಾಡಿಕೊಂಡು ಮೆರೆಯುತ್ತವೆ. ಇಷ್ಟೆಲ್ಲ ಆರ್ಭಟ ಮಾಡಿ ಸಣ್ಣ ನಕ್ಷತ್ರಗಳಿಗಿಂತ ಬೇಗ ಸಾಯುತ್ತವೆ.

ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾದ ನನಗೆ ಹೋದ ವರ್ಷ ಇವುಗಳ ಕಾಲು ಹಿಡಿಯುವ ಗತಿ ಬಂತು. ನಮ್ಮ ಪ್ರಯೋಗಾಲಯದ ಕೋಣೆ ಹೆಡ್‌ಮಾಸ್ಟರರಿಗೆ ಬಿಸಿಯೂಟದ ಅಕ್ಕಿ ಇಡಲು ಬೇಕಿತ್ತು. ಕೋಣೆ ಯಾರಿಗೆ ಎಂದು ತೀರ್ಮಾನಿಸಲು ಇಲಾಖೆಯ ಸಾಹೇಬರು ಬರುವವರಿದ್ದರು. ದೊಡ್ಡ ನಕ್ಷತ್ರದ ಆರ್ಭಟವನ್ನೇ ಪ್ರಯೋಗ ಮಾಡಿ ತೋರಿಸಿ ಕೋಣೆ ಉಳಿಸಿಕೊಳ್ಳಬೇಕೆಂದು ಹೊರಟೆ.

ದೊಡ್ಡ ತಟ್ಟೆಯಲ್ಲಿ ಕೆಂಪು ಅದಿರಿನ ಧೂಳು ಹರಡಿದೆ. ಅದು ನಿಹಾರಿಕೆ. ಹೆಂಡತಿಯ ಹೇರ್ ಡ್ರೈಯರ್ ನಕ್ಷತ್ರ. ಹಿಂದಿನ ದಿನ ಪರೀಕ್ಷಿಸಿದಾಗ ನಿಹಾರಿಕೆ ಪೂರ್ತಿ ನನ್ನ ಅಂಗಿಯ ಮೇಲೆ ಬಂದು ತಟ್ಟೆ ಖಾಲಿಯಾಯಿತು. ಮತ್ತೆ ಧೂಳು ತುಂಬಿಟ್ಟೆ. ಸಾಹೇಬರ ಮುಂದೆ ಮಾತಿನಲ್ಲೇ ತೇಲಿಸಿದರಾಯಿತು ಎಂದುಕೊಂಡೆ.

ಮರುದಿನ ಸಾಹೇಬರು ಇನ್ನೇನು ಒಳಗೆ ಬರಬೇಕು, ನೋಡುತ್ತೇನೆ, ಧೂಳಿನ ತುಂಬ ನೀರಿನ ಹನಿ! ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತಿದ್ದಾಳೆ, ಶಾಲೆಯ ಕಸ ಗುಡಿಸುವ ಆಯಮ್ಮ.

“ಏನ್ ಮಾಡಿಬಿಟ್ಟಿ ಯವ್ವಾ!”

“ಧೂಳು ಭಾಳ ಇತ್ರಿ ಸರ್. ಅದಕ್ಕ ನೀರು ಚಿಮುಕಿಸೀನ್ರಿ.”

ಬೈಯುವುದಾದರೂ ಹೇಗೆ? ನಮ್ಮಲ್ಲಿ ಅದಿರಿನ ಲಾರಿ ಓಡಾಡುವ ರಸ್ತೆಗೂ ಟ್ಯಾಂಕರ್ ತಂದು ನೀರು ಹೊಡೆಯುತ್ತಾರೆ. ಧೂಳು ಕಂಡರೆ ಸುಮ್ಮನಿರುವ ಕೈ ಸಂಡೂರಿನಲ್ಲಿಲ್ಲ.

ಹಣೆಬರಹ ಎಂದುಕೊಂಡು ಸಾಹೇಬರ ಮುಂದೆ ಡ್ರೈಯರ್ ಒತ್ತಿದೆ. ಒಣ ಧೂಳು ಹಾರಿತು. ಹನಿ ಬಿದ್ದು ಗಟ್ಟಿಯಾದ ಉಂಡೆಗಳು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಪ್ರತಿ ಉಂಡೆಯ ಮರೆಯಲ್ಲಿ ಧೂಳು ಬಾಲದ ಹಾಗೆ ಉದ್ದಕ್ಕೆ ಉಳಿಯಿತು. ನಿಹಾರಿಕೆಗಳಲ್ಲಿ ದಟ್ಟ ಗಂಟುಗಳ ಹಿಂದೆ ಕಂಬಗಳು ನಿಲ್ಲುವುದು ಹೀಗೇ. ಇಷ್ಟು ವರ್ಷ ಬಾಯಿಪಾಠ ಒಪ್ಪಿಸಿದ್ದ ನನಗೇ ಅದು ಅವತ್ತು ಕಣ್ಣಾರೆ ಕಂಡಿತು. ಕುಣಿಯುವಷ್ಟು ಖುಷಿಯಾಯಿತು.

“ಮಸ್ತ್ ಐತ್ರಿ ಮೇಷ್ಟ್ರೇ! ನೀರು ಹಾಕೋ ಐಡಿಯಾ ಯಾರ್ದು?” ಸಾಹೇಬರು ಕೇಳಿದರು.

“ನಂದೇ ಸರ್,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಕೋಣೆ ನಮಗೇ ಉಳಿಯಿತು. ಸಾಹೇಬರ ಜೀಪು ಗೇಟು ದಾಟಿದ ಮೇಲೆ ಆಯಮ್ಮ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು.

“ತಪ್ಪಾತ್ರಿ ಸರ್. ಸಾಹೇಬ್ರ ಮುಂದ ನನ್ನ ಹೆಸರು ಹೇಳ್ಲಾರ್ದ, ನಿಮ್ಮ ಮ್ಯಾಲ ಹಾಕ್ಕೊಂಡು ಕಾಪಾಡಿದ್ರಿ,” ಎಂದು ಕೈ ಮುಗಿದಳು.

“ಇರ್ಲಿ ಬಿಡು ಯವ್ವಾ,” ಎಂದು ನಾನು ದೊಡ್ಡ ಮನಸ್ಸಿನವನ ಹಾಗೆ ತಲೆಯಾಡಿಸಿದೆ.