ಹೂಂ ಅನ್ನದ ನಾಲ್ಕು ಸರ್ವರ್‌ಗಳು

ಕಳೆದ ವಾರ ಚನ್ನಪಟ್ಟಣದ ಹಳೆಯ ಬೀದಿಯಲ್ಲಿ ಬರುವಾಗ ಯಾರದೋ ಶೆಡ್ಡಿನಿಂದ ರೇಷ್ಮೆಗೂಡು ಬೇಯುವ ವಾಸನೆ ಬಂತು. ಜೊತೆಯಲ್ಲಿದ್ದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ನಿಂತು ಎರಡು ಸಲ ಉಸಿರೆಳೆದುಕೊಂಡೆ. ಈ ವಾಸನೆ ತಡೆಯಲಾರದೆ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಒಬ್ಬಳು ನೆನಪಾದಳು... ನಮ್ಮ ಮಹಡಿ ಮನೆಯ ಬಾಡಿಗೆಯವಳು.

ಆಗ ಕೆಳಗೆ ನಮ್ಮದು ನೂಲು ತೆಗೆಯುವ ಶೆಡ್ಡು, ಮೇಲೆ ಅವಳ ಮನೆ. ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು, ನಲವತ್ತರ ಆಸುಪಾಸು. ಜೊತೆಗಿದ್ದ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತೇನೆಂದು ಅವಳು ಆಫೀಸಿನ ಸಾಹೇಬರನ್ನು ಕೇಳಿಕೊಂಡಿದ್ದಳು. ಅವರು ಒಂದು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಅವಳು ಕಾಯುವ ಆಫೀಸಿನ ಕಂಪ್ಯೂಟರ್ ಮೆಷಿನ್‌ಗಳಲ್ಲಿ ಒಂದೇ ಒಂದು ಅವಳಿಗೆ ಗೊತ್ತಾಗದೆ ನಿಂತರೂ ವಾಪಸ್ ಹೋಗಬೇಕು. ಹೋದರೆ ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ಲೋಟ ಸಾರು, ಒಂದು ಹಿಡಿ ಅವರೆಕಾಳು, ಏನಾದರೂ ಒಂದು ನೆಪ ಹಿಡಿದು ದಿನಾ ಮಹಡಿ ಹತ್ತುತ್ತಿದ್ದೆ. ನೋಡಿದರೆ, ಅವಳು ಕಾಯುವ ಮೆಷಿನ್‌ಗಳು ಆ ಮನೆಯಲ್ಲಿ ಒಂದೂ ಇಲ್ಲ! ಸರ್ವರ್ ಎಂಬ ಮೂವತ್ತು ದೊಡ್ಡ ಕಂಪ್ಯೂಟರ್‌ಗಳು ಎಲ್ಲೋ ದೂರದ ತಣ್ಣನೆಯ ಕೋಣೆಯಲ್ಲಿ ಕೂತಿದ್ದವು. ಎಲ್ಲವನ್ನೂ ನಡೆಸುವುದು ಲಿನಕ್ಸ್ ಎಂಬ ಸಾಫ್ಟ್‌ವೇರ್ ಅಂತೆ. ಒಂದೊಂದರೊಳಗೂ ಅವಳು ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಕೂರಿಸುತ್ತಿದ್ದಳು. ಮೆಷಿನ್ ಎಷ್ಟು ಬಿಸಿಯಾಗಿದೆ, ಡಿಸ್ಕಿನಲ್ಲಿ ಎಷ್ಟು ತುಂಬಿದೆ, ನೆಟ್‌ವರ್ಕ್ ಇದೆಯೋ ಇಲ್ಲವೋ ಎಂದು ನೋಡುತ್ತಿರುವುದು ಅದರ ಕೆಲಸ. ಯಾರಿಗೆ ಹೇಳಬೇಕು, ಯಾವ ಮಿತಿ ದಾಟಿದರೆ ಕೂಗಬೇಕು ಎಂಬುದನ್ನು ಒಂದು ಫೈಲಿನಲ್ಲಿ ಅವಳೇ ಬರೆದುಕೊಡಬೇಕು. ಕಪ್ಪು ಪರದೆ, ಬಿಳಿ ಅಕ್ಷರ... ನಾನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದೆ.

"ಈವಮ್ಮಂಗೆ ಕೆಳಗೆ ಕೆಲ್ಸ ಇಲ್ವಾ?" ಎಂದು ಅವಳ ತಾಯಿ ಮಲಗಿದಲ್ಲಿಂದಲೇ ಚುಚ್ಚುತ್ತಿದ್ದರು.

"ಐತೆ ಕಣಕ್ಕ. ಮಾಡೋರು ಬೇರೆ ಅವ್ರೆ," ಎನ್ನುತ್ತಿದ್ದೆ.

ಗಡುವಿಗೆ ಇನ್ನೊಂದು ವಾರ ಇದ್ದಾಗ, ಒಂದು ಮಧ್ಯಾಹ್ನ ಅವಳು ಖುಷಿಯಾಗಿ ಕೂತಿದ್ದಳು.

"ನಾಕು ದಿನದಿಂದ ಒಂದೂ ಕೂಗಿಲ್ಲ ದೊಡ್ಡವ್ವ. ಎಲ್ಲಾ ಚೆನ್ನಾಗವೆ."

"ಕೂಗದೇ ಇದ್ರೆ ಚೆನ್ನಾಗವೆ ಅಂತ ಹೆಂಗವ್ವ ಹೇಳ್ತೀಯ? ಕೂಗೋದೇ ಮಲಗ್ಬುಟ್ಟಿದ್ರೆ?"

ಅವಳು ನಕ್ಕಳು. ನಾನು ನಮ್ಮ ಶೆಡ್ಡಿನ ಪದ್ಧತಿ ಹೇಳಿದೆ. ಗೂಡು ಬೇಯಿಸುವ ಹೊಗೆ, ಹಬೆಯಲ್ಲಿ ಆ ಕೊನೆಯಲ್ಲಿ ಕೂತವರು ಈ ಕೊನೆಗೆ ಕಾಣುವುದಿಲ್ಲ. ಹಿಂದೊಮ್ಮೆ ಒಬ್ಬಳು ತಲೆ ಸುತ್ತಿ ಕುದಿನೀರಿನ ಪಕ್ಕದಲ್ಲೇ ಬಿದ್ದಿದ್ದಳು, ಎಷ್ಟೋ ಹೊತ್ತು ಯಾರಿಗೂ ತಿಳಿಯಲಿಲ್ಲ. ಅವತ್ತಿನಿಂದ ನಮ್ಮತ್ತೆ ಒಂದು ರೂಢಿ ಮಾಡಿದರು. ಆಗಾಗ ಸಾಲಾಗಿ ಎಲ್ಲರೂ "ಹೂಂ" ಅನ್ನಬೇಕು. ಯಾರ ಹೂಂ ಬರಲಿಲ್ಲವೋ ಅವರ ಬಳಿಗೆ ಎದ್ದು ಓಡಬೇಕು.

ಅವಳ ನಗು ನಿಂತಿತು. ಒಂದೊಂದೇ ಸರ್ವರ್ ತೆರೆದು ನೋಡತೊಡಗಿದಳು. ನಾಲ್ಕರಲ್ಲಿ ಏಜೆಂಟ್ ಸತ್ತ ಹಾಗೆ ಬಿದ್ದಿತ್ತು. ನಾಲ್ಕು ದಿನದ ಹಿಂದೆ ಏನೋ ಅಪ್‌ಡೇಟ್ ಹಾಕಲು ಆ ನಾಲ್ಕನ್ನೂ ಅವಳೇ ಆಫ್ ಮಾಡಿ ಆನ್ ಮಾಡಿದ್ದಳು. ಸರ್ವರ್‌ಗಳು ಎದ್ದಿದ್ದವು, ಏಜೆಂಟ್‌ಗಳು ಎದ್ದಿರಲಿಲ್ಲ. ಮೆಷಿನ್ ಎದ್ದಾಗಲೆಲ್ಲ ನೀನೂ ಏಳು ಎಂದು ಹೇಳುವ ಒಂದು ಸಾಲನ್ನು ಆ ನಾಲ್ಕಕ್ಕೆ ಕೊಡಲು ಮರೆತಿದ್ದಳು. ಅದರಲ್ಲೊಂದರ ಡಿಸ್ಕ್ ಕಂಠಮಟ್ಟ ತುಂಬಿತ್ತು. ಸಂಜೆಯೊಳಗೆ ನಿಲ್ಲುತ್ತಿತ್ತಂತೆ.

ಹಳೆಯ ಫೈಲುಗಳನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿದಳು, ಮರೆತ ಸಾಲು ಸೇರಿಸಿ ನಾಲ್ಕೂ ಏಜೆಂಟ್‌ಗಳನ್ನು ಎಬ್ಬಿಸಿದಳು. ಆಮೇಲೆ ಹೊಸ ನಿಯಮ ಬರೆದಳು. ಯಾವುದೇ ಒಂದು ಏಜೆಂಟಿನಿಂದ ಐದು ನಿಮಿಷ ಸುದ್ದಿ ಬರದಿದ್ದರೆ ಅವಳ ಫೋನ್ ಬಡಿದುಕೊಳ್ಳಬೇಕು. ಒಳಗಿನಿಂದ ತಾಯಿ, "ಆಯಮ್ಮಂಗೆ ಒಸಿ ಕಾಫಿ ಕೊಡೇ," ಎಂದರು. ಅಲ್ಲಿಯವರೆಗೆ ನನಗೆ ನೀರು ಬೇಕಾ ಎಂದೂ ಕೇಳಿದವರಲ್ಲ.

ತಿಂಗಳು ತುಂಬಿದಾಗ ಆ ನಾಲ್ಕರ ವಿಷಯವನ್ನೂ ಅವಳೇ ಸಾಹೇಬರಿಗೆ ಹೇಳಿಬಿಟ್ಟಳು. "ಬಾಯ್ಮುಚ್ಕಂಡು ಇರ್ಬಾರ್ದಿತ್ತಾ?" ಎಂದು ಬೈದೆ. ಸಾಹೇಬರು ಹೊಸ ನಿಯಮ ಏನೆಂದು ಕೇಳಿ ತಿಳಿದುಕೊಂಡರಂತೆ. ಆಮೇಲೆ, ಅಲ್ಲೇ ಇರಿ ಅಂದರಂತೆ.

ಎರಡು ವರ್ಷ ಇದ್ದಳು. ತಾಯಿ ಹೋದದ್ದು ಮಗಳ ಕೈಯಿಂದ ನೀರು ಕುಡಿದು... ಅದಾದ ಮೇಲೆ ಮನೆ ಖಾಲಿ ಮಾಡಿದಳು. ಬೆಂಗಳೂರಿನಿಂದ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಹೋದ ವರ್ಷ ಅವರ ಊರಿನವರೊಬ್ಬರು ಸಿಕ್ಕಿ, ಕಾಯಿಲೆಯಾಗಿ ಹೋಗಿಬಿಟ್ಟಳು ಎಂದರು. ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತದ್ದು ಆಮೇಲೆ, ಅವಳಿಗೆ ಒಂದು ಸಾಲೂ ಬರೆದು ಕಳಿಸಲಾಗಲಿಲ್ಲ.

ಮೊನ್ನೆ ಮೊಮ್ಮಗಳು ನನ್ನ ಫೋನ್ ಹಿಡಿದು, ಬೇಡದ ನಂಬರ್ ತೆಗೆದುಹಾಕುವುದು ಹೇಗೆಂದು ತೋರಿಸಿದಳು. ಒತ್ತಿ ಹಿಡಿದರೆ ಆಯಿತು, ಬಹಳ ಸುಲಭ. ಮಹಡಿ ಮನೆಯವಳ ನಂಬರ್ ಬಂದಾಗ, "ಇದು ನಂಗೆ ಬರಾಕಿಲ್ಲ ಕಣವ್ವ, ಬುಡು," ಎಂದು ಸುಳ್ಳು ಹೇಳಿದೆ.