ಶಕುಂತಲಾ ಆಂಟಿಯ ಪತಾಕೆಗಳು

ಶಕುಂತಲಾ ಆಂಟಿ ಬಟ್ಟೆಯನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ನೋಡುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದವರು ಕಾಫಿ ಲೋಟ ಪಕ್ಕಕ್ಕಿಟ್ಟು, ಗೋಡೆಯ ಮೇಲಿದ್ದ ಬೇಸ್‌ಬಾಲ್ ಪತಾಕೆಯನ್ನು ಬಿಚ್ಚಿಕೊಂಡು ಮೂಸಿಯೇಬಿಟ್ಟರು. ಉದ್ದನೆಯ ಮುಕ್ಕೋನದ ಬಾವುಟ ಅದು. ಅಗಲವಾದ ಕಡೆ ತಂಡದ ಚಿತ್ರ, ಅಲ್ಲಿಂದ ಚೂಪು ತುದಿಯವರೆಗೆ ಚಿಕ್ಕದಾಗುತ್ತಾ ಹೋಗುವ ಅಕ್ಷರಗಳು. ಹಳೆಯ ಕಾಲದ್ದೆಂದು ನಂಬಿ ನನ್ನ ಗಂಡ ಆನ್‌ಲೈನ್‌ನಲ್ಲಿ ತರಿಸಿದ್ದ.

"ಸುಮಾ, ಬೆಂಕಿಪಟ್ನ ಕೊಡು," ಎಂದರು. ಅಂಚಿನಿಂದ ಒಂದು ಚೂರು ಕಿತ್ತು ಸುಟ್ಟರು. ಅದು ಮುದುಡಿ ಕರಿಮಣಿಯಾಯಿತು. "ನೋಡ್ದಿ? ಉಣ್ಣಿ ಸುಟ್ರ ಕೂದ್ಲ ಸುಟ್ಟಂಗ ವಾಸನಿ ಬರತೈತಿ. ಇದು ಪ್ಲಾಸ್ಟಿಕ್. ನಿನ್ನ ಗಂಡಗ ಹೇಳಬ್ಯಾಡ, ಪಾಪ."

ಗಂಡ ಎದುರಿನ ಸೋಫಾದಲ್ಲೇ ಕೂತಿದ್ದ. ಮುಂದಿನ ವಾರ ಆ ಜಾಗದಲ್ಲಿ ಆಂಟಿ ಕೈಯಾರೆ ಹೊಲಿದ ಉಣ್ಣೆಯ ಪತಾಕೆ ಬಂದು ಕೂತಿತು.

ಆಗ ನಾವು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಅವರ ಎದುರುಮನೆಯವರು. ಆಂಟಿ ಗದಗಿನವರು. ಇಂಜಿನಿಯರ್ ಗಂಡನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಅಂಕಲ್ ಆಫೀಸಿಗೆ ಹೋದ ಮೇಲೆ ರೇಡಿಯೋ ಹಾಕಿಕೊಂಡು ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಾ ಭಾಷೆ ಕಲಿತರು. ಆಟವೂ ಅಂಟಿಕೊಂಡಿತು. ಅಂಕಲ್ ತೀರಿಕೊಂಡ ಮೇಲೆ ಹಳೆಯ ಫೋಟೋಗಳನ್ನು ನೋಡಿ, ಈಗ ಇಲ್ಲದ ತಂಡಗಳ ಪತಾಕೆಗಳನ್ನು ಮತ್ತೆ ಮಾಡುವ ಹುಚ್ಚು ಹತ್ತಿತು. ಬಿಳಿ ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳನ್ನು ಚಹಾದಲ್ಲಿ ಅದ್ದಿ ಹಳದಿಗಟ್ಟಿಸುತ್ತಿದ್ದರು. "ಹೊಸಾದು ಹೊಸಾದರಂಗ ಇದ್ರ ನೆನಪು ಹೆಂಗ ಬರಬೇಕು?" ಎನ್ನುತ್ತಿದ್ದರು. ಹೊಲಿಯುವಾಗ ರೇಡಿಯೋದಲ್ಲಿ ಆಟ ನಡೆಯುತ್ತಲೇ ಇರಬೇಕು. ನಮ್ಮ ಊರಿನ ತಂಡ ಸೋಲುವ ಸೂಚನೆ ಕಂಡರೆ ಕತ್ತರಿ ಕೆಳಗಿಡುತ್ತಿದ್ದರು. "ಸೋಲೂ ಹೊತ್ತಿನ್ಯಾಗ ಕತ್ತರಿ ಹಿಡೀಬಾರ್ದು. ಕೈಗೆ ಸಿಟ್ಟು ಬರತೈತಿ." ಕೆಲವು ವರ್ಷ ನಮ್ಮ ತಂಡ ಎಷ್ಟು ಸೋತಿತೆಂದರೆ ಒಂದು ಪತಾಕೆ ಮುಗಿಯಲು ಬೇಸಿಗೆಯೇ ಕಳೆಯುತ್ತಿತ್ತು.

ಅವರ ಪಕ್ಕದ ಮನೆಯ ಮುದುಕರು ವಾಲ್ಟರ್. ಒಂದು ಚಂಡಮಾರುತದ ನೀರು ತಗ್ಗಿನಲ್ಲಿದ್ದ ಅವರ ಮನೆಗೆ ಎದೆಮಟ್ಟ ನುಗ್ಗಿತು. ಸೋಫಾ ಹೋಯಿತು, ಕಾರು ಹೋಯಿತು. ಅವುಗಳ ಮಾತೇ ಅವರು ಎತ್ತಲಿಲ್ಲ. ಬಾಲ್ಯದಿಂದ ಇಟ್ಟುಕೊಂಡಿದ್ದ ಒಂದು ಪತಾಕೆ ಕೆಸರಿನಲ್ಲಿ ಕೊಳೆತುಹೋದದ್ದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು. ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ತಂಡದ್ದು. ಅವರ ತಂದೆ ಆ ತಂಡದಲ್ಲಿ ಆಡುತ್ತಿದ್ದರಂತೆ. ಉಳಿದದ್ದು ಆ ಪತಾಕೆಯ ಒಂದು ಕಪ್ಪು ಬಿಳುಪು ಫೋಟೋ. ಅದರಲ್ಲಿ ಬಣ್ಣ ತಿಳಿಯುವುದು ಹೇಗೆ? ವಾಲ್ಟರ್ ಅವರಿಗೆ ಮರೆವು ಶುರುವಾಗಿತ್ತು. ಒಂದು ದಿನ ಕೆಂಪು ಎಂದರು, ಇನ್ನೊಂದು ದಿನ ಹಸಿರು ಎಂದರು. ಆಂಟಿ ಎರಡನ್ನೂ ಮಾಡಿಕೊಟ್ಟರು. ಅವರು ಸೌಜನ್ಯದಿಂದ ತೆಗೆದುಕೊಂಡು, ಮಡಚಿ, ಟೇಬಲ್ ಮೇಲಿಟ್ಟರು.

"ಥ್ಯಾಂಕ್ಯೂ ಅಂದ್ರವಾ," ಎಂದು ಆಂಟಿ ನನಗೆ ಫೋನಿನಲ್ಲಿ ಹೇಳಿದರು. "ಬರೇ ಥ್ಯಾಂಕ್ಯೂ ಅಂದ್ರ, ಇದು ಅದಲ್ಲ ಅಂತ ಅರ್ಥ."

ಅಷ್ಟರಲ್ಲಿ ನಾವು ಆಸ್ಟಿನ್‌ಗೆ ಶಿಫ್ಟ್ ಆಗಿದ್ದೆವು. ಟೇಲರ್‌ನಲ್ಲಿ ವಾಲ್ಟರ್ ಅವರ ಅಕ್ಕ ಡೋರಿಸ್ ಇನ್ನೂ ಇದ್ದಾರೆಂದು ತಿಳಿದು ಆಂಟಿ ಬಸ್ ಹತ್ತಿ ಬಂದೇಬಿಟ್ಟರು. ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಹೋದೆ. ದೊಡ್ಡ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯ ಕ್ರೇನುಗಳನ್ನು ದಾಟಿದರೆ ಹಳೆಯ ಊರು. ಡೋರಿಸ್ ವರಾಂಡದಲ್ಲಿ ಕಾಯುತ್ತಿದ್ದರು. ಆಂಟಿ ಬಣ್ಣದ ವಿಷಯ ಕೇಳಿದಾಗ ಆಕೆ ನಕ್ಕರು. ತಂಡಕ್ಕೆಂದು ಒಂದು ಬಣ್ಣವೇ ಇರಲಿಲ್ಲ, ಆಟಗಾರರ ಹೆಂಡಂದಿರು ಮನೆಯಲ್ಲಿ ಸಿಕ್ಕ ಉಣ್ಣೆ ಬಟ್ಟೆಯಲ್ಲಿ ಪತಾಕೆ ಹೊಲಿಯುತ್ತಿದ್ದರು ಎಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ವಾಲ್ಟರನದ್ದು ಕಂದು ಬಣ್ಣ. ಅಪ್ಪ ತೀರಿಕೊಂಡ ಚಳಿಗಾಲದಲ್ಲಿ ಅಮ್ಮ ಅಪ್ಪನ ಕೋಟನ್ನೇ ಕತ್ತರಿಸಿ ಹೊಲಿದದ್ದು.

ವಾಪಸ್ ಬಂದ ಮೇಲೆ ಆಂಟಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, "ನಮ್ಮ ಮನಿಯವ್ರ ಕೋಟೂ ಕಂದು ಬಣ್ಣದ್ದ," ಎಂದರು.

"ಬೇಡ ಆಂಟಿ," ಎಂದೆ. "ಹಳೇ ಬಟ್ಟೆ ಅಂಗಡಿಗಳಲ್ಲಿ ಹುಡುಕೋಣ. ಅಂಥದ್ದು ಎಲ್ಲಾದ್ರೂ ಸಿಗತ್ತೆ."

"ಸಿಗತೈತಿ. ಆದ್ರ ಅದನ್ನ ತೊಟ್ಟಾಂವ ಯಾರಂತ ನನಗ ಗೊತ್ತಿರಂಗಿಲ್ಲಲ್ಲ."

ಮುಂದಿನ ವಾರ ನಾನು ಕ್ಲಿಯರ್ ಲೇಕ್‌ಗೆ ಹೋದಾಗ ಕೋಟು ಊಟದ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ಆಂಟಿ ಜೇಬುಗಳಿಗೆ ಕೈ ಹಾಕಿ ನೋಡಿದರು. ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಕತ್ತರಿಸದೆ ಬಿಡುತ್ತಿದ್ದರೇನೋ. ಆ ದಿನ ರೇಡಿಯೋ ಹಾಕಲಿಲ್ಲ. ಬೆನ್ನಿನ ಭಾಗಕ್ಕೆ ಕತ್ತರಿ ಇಟ್ಟವರು ಹೊಲಿಗೆ ದಪ್ಪವಿದ್ದಲ್ಲಿ ನಿಂತರು.

"ಹಿಡಿ," ಎಂದರು. ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದೆ. ಅವರು ಕತ್ತರಿಸಿದರು.

ಪತಾಕೆ ಮುಗಿದ ಮೇಲೆ ಇಬ್ಬರೂ ಹೋಗಿ ಕೊಟ್ಟೆವು. ವಾಲ್ಟರ್ ಅದನ್ನು ಮೊಣಕಾಲ ಮೇಲೆ ಹಾಸಿಕೊಂಡು ಅಂಗೈಯಿಂದ ಸವರಿದರು. ಬಹಳ ಹೊತ್ತು ಸವರುತ್ತಲೇ ಇದ್ದರು. "ಹೊಲಿಯುವಾಗ ಅಮ್ಮ ಅಳುತ್ತಿದ್ದಳು," ಎಂದು ಇಂಗ್ಲಿಷಿನಲ್ಲಿ ಹೇಳಿ, ಎದ್ದು, ಮೊಳೆ, ಸುತ್ತಿಗೆ ಹುಡುಕಲು ಒಳಗೆ ಹೋದರು.

ಹೊರಗೆ ಬಂದ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಥ್ಯಾಂಕ್ಯೂ ಅನ್ನಲೇ ಇಲ್ಲ ನೋಡು!" ಎಂದು ನನ್ನ ಭುಜಕ್ಕೊಂದು ಹೊಡೆದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಆಮೇಲೆ ಅವರ ಕಣ್ಣು ಮಬ್ಬಾಗುತ್ತಾ ಬಂತು. ಸೂಜಿಗೆ ದಾರ ಪೋಣಿಸುವುದು ನಿಂತಿತು, ಹೊಲಿಗೆ ನಿಂತಿತು. ಮಗಳು ಡಲ್ಲಾಸ್‌ಗೆ ಕರೆದುಕೊಂಡು ಹೋದಳು. ನಾನು ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲಿಯೇ. ಮನೆಯ ಹಿಂದೆ ಮಕ್ಕಳು ಬೇಸ್‌ಬಾಲ್ ಆಡುವ ಚಿಕ್ಕ ಮೈದಾನವಿತ್ತು. ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಸಿಕೊಂಡು ಸಂಜೆಯೆಲ್ಲ ಅಲ್ಲಿ ಕೂರುತ್ತಿದ್ದರು. ಕಾಣುತ್ತಿರಲಿಲ್ಲ, ಬ್ಯಾಟಿನ ಸದ್ದು ಕೇಳಿಯೇ, ಬಾಲ್ ದೂರ ಹಾರಿದರೆ "ಹೋತು!", ಕ್ಯಾಚ್ ಆದರೆ "ಸಿಕ್ಕಬಿದ್ದ" ಎನ್ನುತ್ತಿದ್ದರು. ಬಹುಪಾಲು ಸರಿಯಾಗಿರುತ್ತಿತ್ತು. ಉಳಿದದ್ದನ್ನು ನಾನು ಹೇಳಬೇಕು.

ಒಮ್ಮೆ ಸದ್ದೇ ಬರಲಿಲ್ಲ.

"ಏನಾತು?"

"ಒಂದು ಪುಟ್ಟ ಹುಡುಗಿ ಆಂಟಿ. ಮೂರು ಸಲವೂ ಬಾಲ್ ತಪ್ಪಿಹೋಯ್ತು. ಔಟ್. ಅಳ್ತಾ ಬರ್ತಿದಾಳೆ."

ಆಂಟಿ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಹುಡುಗಿ ಯಾವ ಕಡೆ ಇದ್ದಾಳೆಂದು ತಿಳಿಯದೆ, ಇಡೀ ಮೈದಾನಕ್ಕೆ ಕೇಳುವಂತೆ ಗದಗಿನ ಕನ್ನಡದಲ್ಲಿ ಕೂಗಿದರು: "ಅಳಬ್ಯಾಡವಾ! ಮುಂದಿನ ಸರ್ತಿ ಹೊಡೀತಿ!"

ಹುಡುಗಿ ತಬ್ಬಿಬ್ಬಾಗಿ ನಮ್ಮ ಕಡೆ ನೋಡಿದಳು. ತೋಳಿನಿಂದ ಮೂಗು ಒರೆಸಿಕೊಂಡು, ಕೈ ಬೀಸಿದಳು.

"ಏನ್ ಮಾಡಿದ್ಲು?"

"ಕೈ ಬೀಸಿದ್ಲು ಆಂಟಿ."

ಆಂಟಿಯೂ ತಮ್ಮ ಕಣ್ಣಿನ ಕತ್ತಲೆಯೊಳಗಿಂದ ಕೈ ಬೀಸಿದರು. ನಾನು ಮತ್ತೆ ಡಲ್ಲಾಸ್‌ಗೆ ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಸಂಜೆ ಬೇಲಿಯ ಬಳಿ ಹೋಗಿ ನಿಂತೆ. ಆಟ ನಡೆದಿತ್ತು. ಒಳ್ಳೆಯ ಹೊಡೆತವೊಂದು ಬಿದ್ದಾಗ "ಹೋತು!" ಎಂದು ಯಾರೂ ಹೇಳಲಿಲ್ಲ. ಸ್ವಲ್ಪ ಕಾದು, ನಾನೇ ಹೇಳಿದೆ.