ಪುಷ್ಪಾ ಆರಿಸಿದ ಫೋನು

ಬೆಟ್ಟದೂರು ನಂಜನಾಡಿನಲ್ಲಿ ನಮ್ಮ ಎದುರುಮನೆಯ ಪುಷ್ಪಾಳ ಉದ್ಯೋಗವೆಂದರೆ ಕ್ಯಾರೆಟ್ಟಿಗೆ ಸರದಿ ಕೊಡುವುದು. ಜಗದೀಶರ ಕ್ಯಾರೆಟ್ ತೊಳೆಯುವ ಯಂತ್ರಕ್ಕೆ ಸುತ್ತಲಿನ ಬೆಳೆಗಾರರು ಫೋನ್ ಮಾಡುತ್ತಾರೆ. ಯಾರ ಮೂಟೆ ಎಷ್ಟು ಗಂಟೆಗೆ ಎಂಬುದನ್ನು ಅವಳೂ ಇನ್ನು ಮೂವರು ಹೆಂಗಸರೂ ಗೊತ್ತುಮಾಡುತ್ತಾರೆ. ಕಳೆದ ಫೆಬ್ರವರಿಯಲ್ಲಿ ಜಗದೀಶರು ಕಚೇರಿಯ ಕೋಣೆಯನ್ನು ಗೋಣಿಚೀಲಗಳಿಗೆ ಬಿಟ್ಟುಕೊಟ್ಟು, ನಾಲ್ವರೂ ಮನೆಯಿಂದಲೇ ಕೆಲಸ ಮಾಡಬೇಕೆಂದರು. ಒಂದೇ ನಂಬರು ನಾಲ್ಕು ಮನೆಗಳಿಗೂ ಸಿಗುವಂಥ ಇಂಟರ್‌ನೆಟ್ ಫೋನ್ ಸೇವೆಯನ್ನು ಆರಿಸುವ ಹೊಣೆ ಪುಷ್ಪಾಳ ಪಾಲಿಗೆ ಬಂತು.

“ನೋಡಮ್ಮ, ಒಬ್ಬ ಬೇರೆ ಯಂತ್ರಕ್ಕೆ ಹೋದರೆ ಅವನ ಹಿಂದೆ ಹಟ್ಟಿಯೇ ಹೋಗುತ್ತೆ. ಆಮೇಲೆ ನಾಲ್ವರಿಗೂ ಕೆಲಸ ಇರೋಲ್ಲ,” ಎಂದೂ ಜಗದೀಶರು ಹೇಳಿದ್ದರು.

ಪುಷ್ಪಾ ಎರಡು ಸೇವೆಗಳನ್ನು ಪರೀಕ್ಷೆಗೆ ತೆಗೆದುಕೊಂಡು, ಹನ್ನೊಂದು ಅಂಶಗಳ ಪಟ್ಟಿ ಬರೆದಳು. ಮಂಜು ಕವಿದಾಗ ದನಿ ಕೇಳುವುದೇ ಎಂಬುದೂ ಅದರಲ್ಲಿತ್ತು. ಮೊದಲನೆಯ ಸೇವೆ ಹತ್ತರಲ್ಲಿ ಗೆದ್ದಿತು. ಕರೆ ಬಂದೊಡನೆ ಅದರಲ್ಲಿ ಸ್ವಾಗತದ ಮಾತು ಕೇಳಿಸುತ್ತಿತ್ತು. ಅಪರಿಚಿತ ದನಿಗೆ ನಮ್ಮವರು ಸಂಕೋಚಪಟ್ಟಾರೆಂದು ಪುಷ್ಪಾ ಅಡುಗೆಮನೆಯಲ್ಲಿ ನಿಂತು ತನ್ನ ದನಿಯನ್ನೇ ತುಂಬಿದಳು: “ನಮಸ್ಕಾರ, ನಾನು ಪುಷ್ಪಾ. ಸರದಿ ಬೇಕಿದ್ದರೆ ಒಂದನ್ನು ಒತ್ತಿ.”

ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಮೇಲಿನ ಹಟ್ಟಿಯ ಹಿರಿಯ ಹಾಲಣ್ಣ ಬಸ್ಸಿಳಿದು ಅವಳ ಅಂಗಳಕ್ಕೆ ಬಂದು ನಿಂತ. ಈ ಬೆಟ್ಟಗಳಲ್ಲಿ ಮನೆಯವರ ಕ್ಷೇಮ, ದನಗಳ ಕ್ಷೇಮ ವಿಚಾರಿಸದೆ ಯಾರೂ ವ್ಯವಹಾರಕ್ಕೆ ಇಳಿಯುವುದಿಲ್ಲ.

“ಏನಮ್ಮಿ, ಅಷ್ಟು ಗರ್ವವಾ? ಫೋನಿನಲ್ಲಿ ನಾನು ‘ಒಳ್ಳೆಂಗೆ ಇದ್ದಿಯಾ’ ಅಂದೆ. ನೀನು ಒಂದು ಒತ್ತು ಅಂದೆ. ಏನೋ ಅವಸರದಲ್ಲಿದ್ದಾಳೆ ಅಂತ, ಅವ್ವೆಯ ಕೆಮ್ಮು ಹೇಂಗಿದೆ ಅಂದೆ. ಅದಕ್ಕೂ ಒಂದು ಒತ್ತು!”

“ಅದು ನಾನಲ್ಲ ಅಣ್ಣಾ. ಮೊದಲೇ ತುಂಬಿಟ್ಟ ದನಿ.”

“ಹೆಸರು ನಿನ್ನದು, ದನಿ ನಿನ್ನದು, ಜವಾಬು ಮಾತ್ರ ನಿನ್ನದಲ್ಲವಾ? ನಾಳೆ ಮೂವತ್ತು ಮೂಟೆ ಕೀಳ್ತೇನೆ. ಕೆಳಗಿನ ಮೆಷಿನಿಗೇ ಹಾಕ್ತೇನೆ. ಅವನಾದರೂ ಬಾಯಿಬಿಟ್ಟು ಮಾತಾಡ್ತಾನೆ.”

ಹಾಲಣ್ಣ ಹೋದರೆ ಮೇಲಿನ ಹಟ್ಟಿಯ ಇಪ್ಪತ್ತು ಮನೆಗಳೂ ಹೋದಂತೆ. ಪುಷ್ಪಾ ಅವನನ್ನು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿ, ಎರಡನೆಯ ಸೇವೆಯ ನಂಬರನ್ನು ಕೊಟ್ಟಳು. ಅದರಲ್ಲಿ ಸ್ವಾಗತವಿರಲಿಲ್ಲ, ನಾಲ್ಕೂ ಮನೆಗಳಲ್ಲಿ ಒಟ್ಟಿಗೇ ಗಂಟೆ ಬಾರಿಸುವುದೊಂದೇ ಅದರ ಗುಣ.

“ನಿನ್ನ ಮುಂದೆ ಕೂತು ನಿನಗೇ ಫೋನಾ?” ಎನ್ನುತ್ತಲೇ ಹಾಲಣ್ಣ ಒತ್ತಿದ. ಪುಷ್ಪಾ ತನ್ನ ಫೋನನ್ನು ಮುಟ್ಟಲಿಲ್ಲ. ಗಂಟೆ ಮೂರನೆಯ ಸಲ ಬಾರಿಸಿದಾಗ, ಬೆಟ್ಟದ ಆಚೆಯ ವೆಲ್ಲಿಂಗ್ಟನ್ ಊರಿನ ತನ್ನ ಮನೆಯಲ್ಲಿ, ನಾಲ್ವರಲ್ಲೊಬ್ಬಳಾದ ಸುಗನ್ಯಾ ಎತ್ತಿಕೊಂಡಳು.

“ಯಾರು, ಹಾಲಣ್ಣನಾ? ಒಳ್ಳೆಂಗೆ ಇದ್ದೀರಾ?”

ಹಾಲಣ್ಣನ ಬೆನ್ನು ನೆಟ್ಟಗಾಯಿತು. ಸೊಸೆ, ಕರು ಹಾಕಿದ ಹಸು, ಬಾರದ ಮಳೆ ಎಲ್ಲವೂ ಆದವು. ನನ್ನ ಗಡಿಯಾರದ ಪ್ರಕಾರ ಒಂಬತ್ತನೆಯ ನಿಮಿಷದಲ್ಲಿ ಕ್ಯಾರೆಟ್ಟಿನ ಮಾತು ಬಂದು, ಅರ್ಧ ನಿಮಿಷದಲ್ಲಿ ಮುಗಿಯಿತು: ಶುಕ್ರವಾರ, ಹನ್ನೊಂದು ಗಂಟೆ, ಜಗದೀಶರ ಯಂತ್ರ.

ಫೋನನ್ನು ಜೇಬಿಗಿಳಿಸಿ ಹಾಲಣ್ಣ ಪುಷ್ಪಾಳತ್ತ ನೋಡಿದ.

“ಅಷ್ಟು ದೂರದಿಂದ ಅವಳು ನನ್ನ ಮೊಣಕಾಲು ಹೇಂಗಿದೆ ಅಂತ ಕೇಳಿದಳು. ನೀನು ಎದುರಿಗಿದ್ದೂ ಕೇಳಲಿಲ್ಲ.”

“ಹೇಂಗಿದೆ ಅಣ್ಣಾ?” ಎಂದಳು ಪುಷ್ಪಾ.

ಅದು ಇನ್ನೊಂದು ಹದಿನೈದು ನಿಮಿಷ ನಡೆಯಿತು. ಆ ಬಳಿಕ ಪುಷ್ಪಾ ಎರಡನೆಯ ಸೇವೆಯವರಿಗೆ ಒಪ್ಪಿಗೆ ಬರೆದು ಕಳಿಸಿದಳು.